ನಡೆಯುವ ಮೊದಲು ಕುರ್ಚಿಯಿಂದ ಏಳಬೇಕು

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಹಿರಿಯರ ಮನೆಯವರು ನನ್ನನ್ನು ಮೊದಲು ಕೇಳುವುದು, "ಯಾವಾಗ ನಡೀತಾರೆ?" ಅಂತ. ಫಿಸಿಯೋಥೆರಪಿಸ್ಟ್ ಆಗಿ ನಾನು ನೋಡುವುದು ಬೇರೆ. ಕುರ್ಚಿಯಿಂದ ತಾವೇ ಏಳುತ್ತಾರಾ? ಅಷ್ಟು ಬಂದರೆ ಟಾಯ್ಲೆಟ್‌ಗೆ ಹೋಗಲು ಯಾರಿಗೂ ಕಾಯಬೇಕಿಲ್ಲ. ನಡಿಗೆಗೆ ಬೇಕಾದ ತೊಡೆಯ ಬಲವೂ ಅಲ್ಲೇ ಬರುತ್ತದೆ.

ಸರ್ಜನ್ ಬೇಡ ಎನ್ನದಿದ್ದರೆ ಆಪರೇಷನ್ ಆದ ಮರುದಿನವೇ ಎಬ್ಬಿಸುತ್ತೇನೆ. ಮನೆಯವರಿಗೆ ಗಾಬರಿ, ಸಹಜ ಅಲ್ವಾ. ಆದರೆ ರಾಡು, ಸ್ಕ್ರೂ ಹಾಕುವುದು, ಇಲ್ಲವೇ ಕೀಲನ್ನೇ ಬದಲಿಸುವುದು ಬೇಗ ಕಾಲೂರಲಿ ಎಂದೇ. ಸುಮ್ನೆ ಮಲಗಿದಷ್ಟೂ ಸ್ನಾಯು ಕರಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿಯಾಗುತ್ತದೆ.

ನೋವಿನ ಮಾತ್ರೆ ಕೊಟ್ಟು ಅರ್ಧ ಮುಕ್ಕಾಲು ಗಂಟೆ ಬಿಟ್ಟು ಶುರು ಮಾಡುತ್ತೇನೆ. ಕನ್ನಡಕ, ಕಿವಿಯ ಮಷಿನ್ ಇದ್ದರೆ ಹಾಕಿರಲೇಬೇಕು. ಮಂಚದ ಅಂಚಿಗೆ ಕೂರಿಸಿ, ತಲೆ ಸುತ್ತುತ್ತಾ ಎಂದು ಸ್ವಲ್ಪ ಹೊತ್ತು ನೋಡುತ್ತೇನೆ.

ಒಬ್ಬ ಅಜ್ಜಿಗೆ ಏನು ಮಾಡಿದರೂ ಏಳಲು ಆಗುತ್ತಿರಲಿಲ್ಲ. ಎರಡೂ ಕೈಯಲ್ಲಿ ವಾಕರ್ ಹಿಡಿದು ಜಗ್ಗುತ್ತಿದ್ದರು, ಅದು ಅವರ ಕಡೆಗೇ ವಾಲುತ್ತಿತ್ತು. ಮಗ ಕಂಕುಳಿಗೆ ಕೈ ಹಾಕಿ ಎತ್ತಲು ಬಂದರು. "ಸ್ವಲ್ಪ ತಡೀರಿ, ಅವರೇ ಏಳಲಿ" ಎಂದೆ. ಅಜ್ಜಿಯನ್ನು ಕುರ್ಚಿಯ ತುದಿಗೆ ಜರುಗಿಸಿದೆ. ಆಪರೇಷನ್ ಆದ ಕಾಲು ತುಸು ಮುಂದೆ, ಇನ್ನೊಂದು ಹಿಂದೆ. "ಅಜ್ಜಿ, ವಾಕರ್ ಬಿಡಿ. ಕುರ್ಚಿಯ ಹಿಡಿ ಮೇಲೆ ಕೈಯೂರಿ ಕೆಳಕ್ಕೆ ಒತ್ತಿ." ಎದ್ದರು! ನಿಂತ ಮೇಲೆ ಒಂದೊಂದೇ ಕೈ ವಾಕರ್‌ಗೆ ಬಂತು. ಕಾಲು ನಡುಗುತ್ತಿತ್ತು, ಆದರೂ "ಇನ್ನೊಂದ್ಸಲ" ಎಂದವರು ಅವರೇ. ಆಮೇಲೆ ಪ್ರತಿ ಊಟಕ್ಕೂ ಹೀಗೇ ಎದ್ದು ಹೋಗಲಿ ಎಂದು ಮಗನಿಗೆ ಹೇಳಿದೆ. ವ್ಯಾಯಾಮ ದಿನದ ಕೆಲಸದಲ್ಲೇ ಸೇರಿದರೆ ತಪ್ಪುವುದಿಲ್ಲ.

ಕೀಲು ಬದಲಿಸಿದ ಕೆಲವರಿಗೆ ಸೊಂಟ 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು ಎಂದು ಸರ್ಜನ್ ಹೇಳಿರುತ್ತಾರೆ. ಅಂಥವರಿಗೆ ಕುರ್ಚಿ, ಕಮೋಡ್ ಎರಡನ್ನೂ ಎತ್ತರಿಸುತ್ತೇವೆ.

ನಡೆಯುವಾಗ ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದದ್ದು ಮುಂದೆ.

ಸ್ವಲ್ಪ ನೋವು ಇದ್ದೇ ಇರುತ್ತದೆ. ಆದರೆ ಮೀನಖಂಡ ಊದಿ ನೋಯುತ್ತಿದ್ದರೆ, ನಡೆಯುತ್ತಿದ್ದವರು ದಿಢೀರನೆ ಕಾಲೂರಲಾರದೆ ಹೋದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಎದೆ ನೋವು, ಉಸಿರಾಟಕ್ಕೆ ಕಷ್ಟ ಎಂದರೆ ಒಂದು ಗಳಿಗೆಯೂ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.