ಅಕ್ಷರದ ಮನೆಗಳಲ್ಲಿ ದಾರಿ ಎಣಿಸೋದು: ನನ್ನ ಅನುಭವ

ಹಾಸನದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಆಗಾಗ ಬೋರ್ಡ್ ಮೇಲೆ ಇಂಥದ್ದೊಂದು ಚಿತ್ರ ಬರೆಯುತ್ತೇನೆ. ಎರಡನೇ ಸಾಲಿನ ‘ಸ’ ಮೂರನೇ ಸಾಲಿನ ‘ನ’ದ ನೇರ ಮೇಲೆ ಬರಬೇಕು.

　　　ಹಾ
　ಹಾ　ಸ　ಹಾ
ಹಾ　ಸ　ನ　ಸ　ಹಾ

ಯಾವ ‘ಹಾ’ದಿಂದ ಬೇಕಾದರೂ ಶುರು ಮಾಡಬಹುದು. ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಒಂದೊಂದೇ ಮನೆ ನಡೆದು ‘ಹಾಸನ’ ಅಂತ ಓದಬೇಕು. ಎಷ್ಟು ದಾರಿ ಇವೆ?

ಮಕ್ಕಳು ಬೆರಳಿಟ್ಟು ಎಣಿಸಲು ಶುರು ಮಾಡುತ್ತಾರೆ. ಒಬ್ಬರು ಐದು ಅಂತಾರೆ, ಇನ್ನೊಬ್ಬರು ಆರು. ಐದು ‘ಹಾ’ಗಳಿಂದಲೂ ಹೊರಟು ಎಣಿಸುವಾಗ ಯಾವ ದಾರಿ ಆಯಿತು, ಯಾವುದು ಉಳಿಯಿತು ಅನ್ನೋದು ಗೊಂದಲವಾಗುತ್ತದೆ. ಆಗ ನಾನು ತಿರುಗಿಸಿ ಎಣಿಸಲು ಹೇಳುತ್ತೇನೆ. ‘ನ’ ಇರೋದು ಒಂದೇ, ಅಲ್ವಾ? ಅಲ್ಲಿಂದ ಹಿಂದಕ್ಕೆ ಬನ್ನಿ. ‘ನ’ದ ಪಕ್ಕ ಮೂರು ‘ಸ’ ಇವೆ. ಎಡಗಡೆ ‘ಸ’ಕ್ಕೆ ಎರಡು ‘ಹಾ’ ತಾಗುತ್ತವೆ, ಬಲಗಡೆಯದಕ್ಕೂ ಎರಡು, ಮೇಲಿನದಕ್ಕೆ ಮೂರು. ಒಟ್ಟು 7. ಇದೇ ಚಿತ್ರವನ್ನು ಕೆಳಗೂ ಬೆಳೆಸಿ ಪೂರ್ತಿ ವಜ್ರ ಮಾಡಿದರೆ ನಾಲ್ಕು ‘ಸ’, ಒಂದೊಂದಕ್ಕೂ ಮೂರು ‘ಹಾ’. 12.

ಇಷ್ಟಕ್ಕೆ ಬೆರಳು ಸಾಕು. ದೊಡ್ಡ ಪದಕ್ಕೆ ಸಾಲದು. ಅಲ್ಲಿಗೆ ನನ್ನ ಹತ್ತಿರ ಇರೋದು ಒಂದೇ ಉಪಾಯ: ದಾರಿ ಎಣಿಸಬೇಡಿ, ಪ್ರತಿ ಮನೆಯಲ್ಲೂ ಒಂದು ಸಂಖ್ಯೆ ಬರೆಯಿರಿ. ಆ ಮನೆಗೆ ಎಷ್ಟು ರೀತಿಯಲ್ಲಿ ಬಂದು ಸೇರಬಹುದು ಅನ್ನೋದೇ ಆ ಸಂಖ್ಯೆ. ಹಿಂದಿನ ಅಕ್ಷರದ ಯಾವ ಯಾವ ಮನೆಗಳಿಂದ ಇಲ್ಲಿಗೆ ಬರಬಹುದೋ ಅವುಗಳ ಸಂಖ್ಯೆ ಕೂಡಿಸಿದರೆ ಆಯಿತು.

ಇದಕ್ಕೆ ನನಗೆ ಬಹಳ ಇಷ್ಟವಾದ ಪದ ನಮ್ಮ ಜಿಲ್ಲೆಯದೇ, ಶ್ರವಣಬೆಳಗೊಳ. ಏಳು ಅಕ್ಷರ. (ಒತ್ತಕ್ಷರ ಒಂದೇ ಮನೆಯಲ್ಲಿ ಕೂರಬೇಕು, ‘ಶ್ರ’ವನ್ನು ಒಡೆಯಬಾರದು.) ಏಳು ಅಂದರೆ ವಜ್ರಕ್ಕೆ ಹೇಳಿ ಮಾಡಿಸಿದ ಹಾಗೆ: ಒಂದು ‘ಶ್ರ’, ಎರಡು ‘ವ’, ಮೂರು ‘ಣ’, ನಾಲ್ಕು ‘ಬೆ’, ಮೂರು ‘ಳ’, ಎರಡು ‘ಗೊ’, ಕೊನೆಗೆ ಒಂದು ‘ಳ’. ಮೇಲಿನಿಂದ ಕೆಳಕ್ಕೆ, ಎಡ ಓರೆ ಇಲ್ಲವೇ ಬಲ ಓರೆ ನಡೆಯಬೇಕು. ಮನೆಗಳಲ್ಲಿ ಸಂಖ್ಯೆ ತುಂಬಿದಾಗ ಹೀಗೆ ಬರುತ್ತದೆ:

　　　1
　　1　1
　1　2　1
1　3　3　1
　4　6　4
　10　10
　　　20

ಚಿಕ್ಕಮಗಳೂರು ಆರೇ ಅಕ್ಷರ, ಇಂಥ ವಜ್ರಕ್ಕೆ ಕೂರುವುದಿಲ್ಲ. ಅದನ್ನು ತ್ರಿಕೋನವಾಗಿ ಬರೆಯುತ್ತೇನೆ. ಕೊನೆಯ ಸಾಲಿನಲ್ಲಿ ಆರು ‘ರು’. ಪ್ರತಿ ಹೆಜ್ಜೆಗೂ ಎರಡು ಆಯ್ಕೆ, ಐದು ಹೆಜ್ಜೆ, 32 ದಾರಿ.

ಶ್ರವಣಬೆಳಗೊಳದ 20ಕ್ಕೆ ಸೂತ್ರವೂ ಇದೆ. ಆರು ಹೆಜ್ಜೆಯಲ್ಲಿ ಮೂರು ಎಡಕ್ಕೆ, ಮೂರು ಬಲಕ್ಕೆ. ಆರರಲ್ಲಿ ಆ ಮೂರು ಎಡ ಯಾವುವು ಅಂತ ಆರಿಸಿದರೆ ದಾರಿ ತಾನೇ ನಿರ್ಧಾರವಾಗುತ್ತದೆ. 6×5×4ನ್ನು 1×2×3ರಿಂದ ಭಾಗಿಸಿ, 20. ಹೀಗೆ ಆರಿಸುವ ಲೆಕ್ಕಕ್ಕೆ ಸಾಮಾನ್ಯ ನಿಯಮ ಕೊಟ್ಟವರಲ್ಲಿ ಮಹಾವೀರಾಚಾರ್ಯ ಒಬ್ಬರು. 9ನೇ ಶತಮಾನದವರು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ. ಶ್ರವಣಬೆಳಗೊಳದ ಹೆಸರಿನಲ್ಲೇ ಈ ಲೆಕ್ಕ ಮಾಡುವಾಗ ಮಕ್ಕಳಿಗೆ ಅವರ ಹೆಸರು ಹೇಳದೆ ಇರೋದು ನನ್ನಿಂದ ಆಗುವುದಿಲ್ಲ.

ಆದರೆ ಸೂತ್ರವನ್ನು ನಾನು ಮೊದಲು ಹೇಳುವುದಿಲ್ಲ. ಮೊದಲು ಹೇಳಿದರೆ ಮಕ್ಕಳು ಚಿತ್ರ ನೋಡೋದನ್ನೇ ಬಿಡುತ್ತಾರೆ. ಈ ಪದದಲ್ಲಿ ಚಿತ್ರ ನೋಡದಿದ್ದರೆ ನಡೆಯುವುದಿಲ್ಲ, ಯಾಕಂದ್ರೆ ಇಲ್ಲಿ ‘ಳ’ ಎರಡು ಸಲ ಬರುತ್ತದೆ: ಐದನೆಯದು ಮತ್ತು ಏಳನೆಯದು. ಕೆಳಕ್ಕೇ ನಡೆಯಬೇಕು ಅನ್ನೋ ನಿಯಮ ತೆಗೆದುಹಾಕಿ ನೋಡಿ. ‘ಗೊ’ಗೆ ಬಂದು ನಿಂತವರು ಕೊನೆಯ ‘ಳ’ಕ್ಕೆ ಕೆಳಗೇ ಇಳಿಯಬೇಕಿಲ್ಲ, ಮೇಲಿನ ಸಾಲಿನ ‘ಳ’ಕ್ಕೂ ಹತ್ತಬಹುದು! ಪ್ರತಿ ‘ಗೊ’ಗೂ ಮೇಲೆ ಎರಡು ‘ಳ’, ಕೆಳಗೆ ಒಂದು. ‘ಗೊ’ ಸಾಲಿನ ತನಕ ಬರುವ ದಾರಿಗಳು 10+10. ಒಂದೊಂದಕ್ಕೂ ಮೂರು ಮುಕ್ತಾಯ, ಒಟ್ಟು 60. ತುಳಿದ ಮನೆಯನ್ನು ಮತ್ತೆ ತುಳಿಯಬಾರದು ಅಂದರೆ, ಬಂದ ‘ಳ’ ಬಿಟ್ಟು ಎರಡೇ ಉಳಿಯುತ್ತವೆ, ಆಗ 40.

ಒಂದೇ ಚಿತ್ರಕ್ಕೆ 20, 40, 60, ಮೂರೂ ಸರಿ ಉತ್ತರ. ನಿಯಮ ಬರೆಯದೆ ‘ಎಷ್ಟು ದಾರಿ’ ಅಂತ ಸುಮ್ನೆ ಕೇಳುವ ಪ್ರಶ್ನೆಗಳನ್ನು ನಾನು ತರಗತಿಗೆ ತರುವುದಿಲ್ಲ.

ಹೊಳೆನರಸೀಪುರ ಇದಕ್ಕೆ ಒಳ್ಳೆ ಜೋಡಿ. ಅದಕ್ಕೂ ಏಳು ಅಕ್ಷರ, ಅದರಲ್ಲೂ ‘ರ’ ಎರಡು ಸಲ ಇದೆ. ಆದರೆ ಅವು ನಾಲ್ಕನೆಯದು ಮತ್ತು ಏಳನೆಯದು. ಕೊನೆಗೆ ‘ಪು’ವಿನ ಮೇಲೆ ನಿಂತರೆ ಪಕ್ಕದಲ್ಲಿ ಇರೋದು ‘ಸೀ’ ಮತ್ತು ಕೆಳಗಿನ ‘ರ’ ಮಾತ್ರ. ಮೇಲಿನ ‘ರ’ ಎರಡು ಸಾಲು ಆಚೆ. ಹಾಗಾಗಿ ನಿಯಮ ಹೇಗೇ ಇರಲಿ, 20 ಬದಲಾಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಬರೆದು ‘ಒಂದು ಯಾಕೆ ಬದಲಾಗುತ್ತದೆ, ಇನ್ನೊಂದು ಯಾಕೆ ಇಲ್ಲ’ ಅಂತ ಕೇಳಿದರೆ ಹಿಂದಿನ ಬೆಂಚಿನಿಂದಲೂ ಕೈ ಏಳುತ್ತದೆ. ನನಗೆ ಸೂತ್ರಕ್ಕಿಂತ ಈ ಪ್ರಶ್ನೆಯೇ ಹೆಚ್ಚು.

ಇನ್ನೊಂದು ಆಟ, ಒಂದು ಮನೆ ಅಳಿಸೋದು. ಶ್ರವಣಬೆಳಗೊಳದಲ್ಲಿ ಮೂರು ‘ಣ’ಗಳ ಪೈಕಿ ನಡುವಿನದನ್ನು ಒರೆಸಿ ಅಲ್ಲಿ 0 ಬರೆಯಿರಿ. ಈಗ ಆ ನೇರ ಸೂತ್ರ ಕೆಲಸ ಮಾಡುವುದಿಲ್ಲ, ಕೂಡಿಸುವ ಉಪಾಯ ಮಾತ್ರ ಒಂಚೂರೂ ಬದಲಾಗದೆ ನಡೆಯುತ್ತದೆ. ‘ಣ’ ಸಾಲು 1, 0, 1. ‘ಬೆ’ ಸಾಲು 1, 1, 1, 1. ಆಮೇಲೆ 2, 2, 2. ಆಮೇಲೆ 4, 4. ಕೊನೆಗೆ 8.

ಉತ್ತರ ತಾಳೆ ನೋಡಲು ನಾನು ಕೆಳಗಿನಿಂದಲೂ ತುಂಬಿಸುತ್ತೇನೆ, ಬೇರೆ ಬಣ್ಣದ ಚಾಕ್‌ನಲ್ಲಿ. ಕೊನೆಯ ‘ಳ’ಕ್ಕೆ 1, ‘ಗೊ’ಗಳಿಗೆ 1, 1, ‘ಳ’ಗಳಿಗೆ 1, 2, 1, ‘ಬೆ’ಗಳಿಗೆ 1, 3, 3, 1. ಈಗ ಪ್ರತಿ ‘ಬೆ’ಯಲ್ಲೂ ಎರಡು ಬಣ್ಣದ ಎರಡು ಸಂಖ್ಯೆ ಇವೆ: ಮೇಲಿನಿಂದ ಬರುವ ದಾರಿಗಳು, ಕೆಳಕ್ಕೆ ಹೋಗುವ ದಾರಿಗಳು. ಗುಣಿಸಿ, ನಾಲ್ಕನ್ನೂ ಕೂಡಿಸಿ. 1+3+3+1, ಎಂಟೇ. ಮನೆ ಅಳಿಸದ ಚಿತ್ರದಲ್ಲಿ ಇದೇ ಲೆಕ್ಕ 1+9+9+1 ಆಗಿ 20 ಕೊಡುತ್ತದೆ.