ಶಿರಸಿಯಿಂದ ಬೆಂಗಳೂರಿಗೆ ಮೂರು ಎಂಎಲ್ ಪ್ಲಾಸ್ಮಾ

"ನಿಮ್ಮ ಸ್ಯಾಂಪಲ್ ಒಡೆದಿದೆ, ಹೊಸದು ಕಳುಹಿಸಿ" ಎಂದು ಬೆಂಗಳೂರಿನಿಂದ ಫೋನ್ ಬಂದದ್ದು 2016ರ ಜುಲೈ ತಿಂಗಳ ಒಂದು ಸೋಮವಾರ. ಒಡೆದದ್ದು ಟ್ಯೂಬ್ ಅಲ್ಲ, ಒಳಗಿನ ರಕ್ತ. ಕೆಂಪು ಕಣಗಳು ಒಡೆದು, ರಕ್ತದ ತಿಳಿ ಭಾಗವಾದ ಪ್ಲಾಸ್ಮಾ ಪೂರ್ತಿ ಮುರುಗಲು ಪಾನಕದ ಬಣ್ಣಕ್ಕೆ ತಿರುಗಿತ್ತಂತೆ. ಅದರಲ್ಲಿ ಪ್ರಯೋಗಾಲಯದ ತಪ್ಪೂ ಇರಲಿಲ್ಲ, ಕೊರಿಯರಿನವರ ತಪ್ಪೂ ಇರಲಿಲ್ಲ. ಹದಿನೆಂಟು ವರ್ಷದಿಂದ ಶಿರಸಿಯಲ್ಲಿ ಲ್ಯಾಬ್ ನಡೆಸುತ್ತಿದ್ದ ನನ್ನದೇ ತಪ್ಪು.

ರೋಗಿ ಐವತ್ತು ದಾಟಿದ ಒಬ್ಬ ತಾಯಿ. ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಹೋದಾಗ ಮಾಮೂಲಿನ ತಪಾಸಣೆಯಲ್ಲಿ ಯಕೃತ್ತಿಗೆ ತಗುಲುವ ಹೆಪಟೈಟಿಸ್ ಸಿ ವೈರಸ್ಸಿನ ಕಾರ್ಡ್ ಪರೀಕ್ಷೆಯಲ್ಲಿ ಎರಡನೇ ಗೆರೆ ಮೂಡಿತ್ತು, ಅಂದರೆ ಪಾಸಿಟಿವ್. ಆಪರೇಷನ್ ಮುಂದಕ್ಕೆ ಹೋಯಿತು. 1991ರಲ್ಲಿ ಮಗಳು ಹುಟ್ಟಿದ ಮೇಲೆ ರಕ್ತಸ್ರಾವ ನಿಲ್ಲದೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು ಎಂಬುದು ಅವರ ನೆನಪು. ರಕ್ತನಿಧಿಗಳಲ್ಲಿ ಈ ವೈರಸ್ಸಿನ ಪರೀಕ್ಷೆ ಇನ್ನೂ ಕಡ್ಡಾಯವಾಗಿರದ ಕಾಲ ಅದು. ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ಇಪ್ಪತ್ತೈದು ವರ್ಷ ಅದು ಅವರ ಯಕೃತ್ತಿನಲ್ಲಿ ಸದ್ದಿಲ್ಲದೆ ಕುಳಿತಿತ್ತು.

ಹುಬ್ಬಳ್ಳಿಯ ಜಠರರೋಗ ತಜ್ಞರು ಚೀಟಿಯಲ್ಲಿ ಎರಡೇ ಸಾಲು ಬರೆದು ಕಳುಹಿಸಿದ್ದರು: ವೈರಲ್ ಲೋಡ್, ಜೀನೋಟೈಪ್. ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ, ಅದು ಯಾವ ತಳಿಯದು ಎಂದು. ಮೊದಲನೆಯದು ಯಾಕೆಂದರೆ ಕಾರ್ಡು ತೋರಿಸುವುದು ಪ್ರತಿಕಾಯವನ್ನು, ಅಂದರೆ ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರೋಟೀನನ್ನು ಮಾತ್ರ. ಸೋಂಕು ತಗುಲಿದವರಲ್ಲಿ ನೂರಕ್ಕೆ ಹದಿನೈದರಿಂದ ನಲವತ್ತೈದು ಜನರ ದೇಹ ಔಷಧಿಯಿಲ್ಲದೆ ತಾನೇ ವೈರಸ್ಸನ್ನು ಹೊರಹಾಕಿರುತ್ತದೆ. ಅವರ ಕಾರ್ಡಿನಲ್ಲೂ ಗೆರೆ ಬರುತ್ತದೆ. ಎರಡನೆಯದು ಯಾಕೆಂದರೆ ಆಗ ಮಾತ್ರೆಗಳ ಜೋಡಿ ಜೀನೋಟೈಪಿನ ಮೇಲೆ ನಿಂತಿತ್ತು. ನಮ್ಮ ದೇಶದಲ್ಲಿ ಹೆಚ್ಚು ಕಾಣುವುದು ಮೂರನೆಯದು, ಆಮೇಲೆ ಒಂದನೆಯದು. ಒಂದಾದರೆ ಸೊಫೊಸ್ಬುವಿರ್ ಜೊತೆ ಲೆಡಿಪಾಸ್ವಿರ್. ಮೂರರ ಮೇಲೆ ಲೆಡಿಪಾಸ್ವಿರ್‌ಗೆ ಅಂಥ ಹಿಡಿತವಿಲ್ಲ, ಡಕ್ಲಾಟಾಸ್ವಿರ್ ಬೇಕು. ಸೊಫೊಸ್ಬುವಿರ್‌ನ ದೇಶೀ ಮಾತ್ರೆ 2015ರ ಮಾರ್ಚಿನಲ್ಲಿ ಬಂದಾಗ ಇಪ್ಪತ್ತೆಂಟು ಮಾತ್ರೆಯ ಒಂದು ಡಬ್ಬಿಗೆ ಇಪ್ಪತ್ತು ಸಾವಿರ ರೂಪಾಯಿಯ ಹತ್ತಿರ ಇತ್ತು. ಅಮೆರಿಕದಲ್ಲಿ ಅದೇ ಔಷಧಿಯ ಒಂದೊಂದು ಮಾತ್ರೆಗೂ ಸಾವಿರ ಡಾಲರ್ ಎಂದು ಓದಿದ್ದೆವು, ಆ ಲೆಕ್ಕಕ್ಕೆ ಅಗ್ಗವೇ. ಆದರೆ ಒಂದೂವರೆ ಎಕರೆ ತೋಟದವರಿಗೆ ಅದು ಅಗ್ಗವಲ್ಲ. ತಪ್ಪು ಜೋಡಿಯನ್ನು ಮೂರು ತಿಂಗಳು ನುಂಗಿಸಿ ನೋಡುವಂತಿರಲಿಲ್ಲ.

ಜೀನೋಟೈಪ್ ಎಂದ ಕೂಡಲೇ ಆ ತಾಯಿಯ ಮುಖ ಬಿಳಿಚಿತು. "ವಂಶದ ಪರೀಕ್ಷೆಯೇ ಅಣ್ಣ? ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಗಂಡಿನ ಕಡೆಯವರಿಗೆ ತಿಳಿದರೆ?" ಎಂದು ಧ್ವನಿ ತಗ್ಗಿಸಿ ಕೇಳಿದರು. ಗದ್ದೆಯ ಪಹಣಿ ನೋಡುವುದಲ್ಲ ಅಕ್ಕ, ಗದ್ದೆಗೆ ಬಂದ ಕಳೆ ಯಾವ ತಳಿಯದು ಎಂದು ನೋಡುವುದು, ಅಷ್ಟೇ ಎಂದೆ. ಪರೀಕ್ಷೆ ವೈರಸ್ಸಿನ ಜೀನಿನದು, ನಿಮ್ಮದಲ್ಲ. ಅಷ್ಟು ಹೇಳಿದ ಮೇಲೆ ತೋಳು ಮುಂದೆ ಚಾಚಿದರು. ಮಗಳಿಗೂ ಒಮ್ಮೆ ಕಾರ್ಡ್ ಪರೀಕ್ಷೆ ಮಾಡಿದೆವು, ಏನೂ ಇರಲಿಲ್ಲ.

ಈಗ ನಾನು ಮಾಡಿದ್ದು. ಶುಕ್ರವಾರ ಬೆಳಿಗ್ಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದೆ. ಪ್ಲಾಸ್ಮಾ ಬೇರ್ಪಡಿಸದೆ ಟ್ಯೂಬನ್ನು ಹಾಗೆಯೇ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಮನೆಯ ಐಸ್ ತುಂಡು ತುಂಬಿ, ಕೊರಿಯರಿಗೆ ಕೊಟ್ಟೆ. ಶನಿವಾರ ಮಧ್ಯಾಹ್ನದ ಮೇಲೆ ಪೆಟ್ಟಿಗೆ ಬೆಂಗಳೂರು ತಲುಪಿತು, ಅಷ್ಟರಲ್ಲಿ ಸ್ವೀಕರಿಸುವ ಕೌಂಟರ್ ಮುಚ್ಚಿತ್ತು. ಸೋಮವಾರ ತೆರೆದು ನೋಡುವಾಗ ಐಸು ನೀರಾಗಿ, ಪೆನ್ನಿನಲ್ಲಿ ಬರೆದ ಹೆಸರು ಕದಡಿ, ಟ್ಯೂಬು ಆ ನೀರಿನಲ್ಲಿ ತೇಲುತ್ತಿತ್ತು. ಬೇರೆ ಕೆಲವು ಪರೀಕ್ಷೆಗಳಿಗೆ ನಡೆಯುವ ಅಜಾಗರೂಕತೆ ಈ ವೈರಸ್ಸಿನ ಜೀನಾದ ಆರ್‌ಎನ್‌ಎಗೆ ನಡೆಯುವುದಿಲ್ಲ. ಜೀವಕೋಶಗಳ ಸಂಗದಲ್ಲಿ ಹೊತ್ತು ಕಳೆದಷ್ಟೂ, ಬೆಚ್ಚಗಾದಷ್ಟೂ ಅದು ಚೂರಾಗುತ್ತಾ ಹೋಗುತ್ತದೆ.

ಬೆಂಗಳೂರಿನ ಲ್ಯಾಬಿಗೆ ನಾನೇ ಫೋನ್ ಮಾಡಿ, ಕೌಂಟರಿನವರನ್ನು ದಾಟಿ, ಪಿಸಿಆರ್ (ವೈರಸ್ಸಿನ ಜೀನನ್ನು ಪ್ರತಿ ಮಾಡಿ ಹೆಚ್ಚಿಸಿ ಪತ್ತೆ ಹಚ್ಚುವ ವಿಧಾನ) ವಿಭಾಗದವರನ್ನೇ ಹಿಡಿದು ಮಾತನಾಡಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಅವರು ಹೇಳಿದ್ದು ನಾಲ್ಕೇ ಮಾತು: ತೆಗೆದ ಆರು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಿ, ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬ್ ಬೇಡ, ಅದು ಪಿಸಿಆರನ್ನೇ ತಡೆಯುತ್ತದೆ, ಎರಡರಿಂದ ಎಂಟು ಡಿಗ್ರಿಯಲ್ಲಿ ಇಟ್ಟರೆ ಮೂರು ದಿನದೊಳಗೆ ತಲುಪಿಸಿ, ಅದಕ್ಕಿಂತ ತಡವಾಗುವುದಾದರೆ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಡ್ರೈ ಐಸಿನಲ್ಲಿ (ಗಟ್ಟಿ ಕಾರ್ಬನ್ ಡೈಆಕ್ಸೈಡ್) ಕಳುಹಿಸಿ.

ನಾನು ಎಡವಲಿದ್ದದ್ದು ಈ ಕೊನೆಯ ಮಾತಿನಲ್ಲಿ. ಹೆಪ್ಪುಗಟ್ಟಿಸಿದರೆ ಇನ್ನೂ ಭದ್ರವಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಶಿರಸಿಯಲ್ಲಿ ನನಗೆ ಡ್ರೈ ಐಸ್ ಸಿಗಲಿಲ್ಲ. ಸಿಕ್ಕಿದ್ದರೂ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಡುವ ಪೆಟ್ಟಿಗೆಯನ್ನು ಇಡುವಂತಿಲ್ಲ. ಹೆಪ್ಪುಗಟ್ಟಿಸಿದ ಪ್ಲಾಸ್ಮಾ ದಾರಿಯಲ್ಲಿ ಕರಗಿ, ಅಲ್ಲಿ ಮತ್ತೆ ಹೆಪ್ಪುಗಟ್ಟಿದರೆ ಬರೀ ತಂಪಾಗಿಟ್ಟದ್ದಕ್ಕಿಂತ ಕೆಟ್ಟದಾಗುತ್ತದೆ. ಕೊನೆಯವರೆಗೆ ಹೆಪ್ಪಾಗಿಯೇ ಇರಿಸಲು ಆಗದಿದ್ದರೆ ಫ್ರೀಜರಿನ ತಂಟೆಗೇ ಹೋಗಬಾರದು. ತಂಪು ಸಾಕು, ಬೇಕಾದದ್ದು ವೇಗ. ಹಾಗಾಗಿ ಬೆಂಗಳೂರಿಗೆ ರಾತ್ರಿ ಬಸ್ಸು, ಜೊತೆಗೊಬ್ಬ ಮನುಷ್ಯ ಎಂದು ತೀರ್ಮಾನಿಸಿದೆ.

ತಂಪಿನ ವಿದ್ಯೆಯನ್ನು ನನಗೆ ಕಲಿಸಿದ್ದು ನಮ್ಮ ಬೀದಿಯಲ್ಲೇ ಇರುವ ಕಿರಿಯ ಆರೋಗ್ಯ ಸಹಾಯಕಿ. ಊರೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತದೆ. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿದವರು. ನಾನು ಫ್ರೀಜರಿನಿಂದ ಐಸ್‌ಪ್ಯಾಕ್ ತೆಗೆದು ನೇರವಾಗಿ ಪೆಟ್ಟಿಗೆಗೆ ಇಳಿಸುವುದನ್ನು ಕಂಡು ಕೈ ಹಿಡಿದರು. "ಹೀಗಿಟ್ಟರೆ ಪಕ್ಕದ ಬಾಟಲಿ ಹೆಪ್ಪುಗಟ್ಟುತ್ತದೆ, ನಮ್ಮ ಲಸಿಕೆಗಳು ಎಷ್ಟೋ ಹಾಗೇ ಹಾಳಾಗುತ್ತವೆ" ಎಂದರು. ಪ್ಯಾಕನ್ನು ಮೇಜಿನ ಮೇಲಿಟ್ಟು ಕಾದರು. ಮೇಲೆ ಬೆವರು ಒಡೆದ ಮೇಲೆ ಎತ್ತಿ ಕಿವಿಯ ಬಳಿ ಹಿಡಿದು, ಸಂತೆಯಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ನೋಡುವಂತೆ ಅಲ್ಲಾಡಿಸಿದರು. ಸದ್ದಿಲ್ಲ. ಮತ್ತೆ ಇಟ್ಟರು. ಮೂರನೇ ಸಲ ಒಳಗೆ ನೀರು ಕುಲುಕಿತು. "ಈಗ ಇಡಿ." ಆ ಕುಲುಕು ಕೇಳಿದರೆ ಪ್ಯಾಕು ಸೊನ್ನೆ ಡಿಗ್ರಿಗೆ ಬಂದಿದೆ ಎಂದರ್ಥ. ಅದಕ್ಕಿಂತ ತಣ್ಣಗೆ ಅದು ಇನ್ನು ಏನನ್ನೂ ಮಾಡದು. ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ ಡಿಎಂಎಲ್‌ಟಿ ಓದಿದ ನನಗೆ ಇದು ಗೊತ್ತಿರಲಿಲ್ಲ.

ಎರಡನೇ ಸಲ ಆ ತಾಯಿಗೆ ಸೂಜಿ ಚುಚ್ಚುವ ಮೊದಲು ಒಂದು ತಾಲೀಮು ಮಾಡಿದೆ. ಮೆಡಿಕಲ್ ಅಂಗಡಿಗೆ ಇನ್ಸುಲಿನ್ ಬರುವ ದಪ್ಪ ಗೋಡೆಯ ಥರ್ಮಾಕೋಲ್ ಪೆಟ್ಟಿಗೆ ಬೇಡಿ ತಂದು, ನಾಲ್ಕು ಪ್ಯಾಕ್ ಇಟ್ಟು, ನಡುವೆ ನೀರು ತುಂಬಿದ ಟ್ಯೂಬ್ ಮತ್ತು ಫ್ರಿಜ್ಜಿನ ಥರ್ಮಾಮೀಟರ್ ಇಟ್ಟು ಒಂದು ಹಗಲು ಒಂದು ರಾತ್ರಿ ಜಗಲಿಯಲ್ಲಿ ಬಿಟ್ಟೆ. ಸಂಜೆಗೆ ನಾಲ್ಕು ಡಿಗ್ರಿ, ಬೆಳಿಗ್ಗೆ ಐದು, ಇಪ್ಪತ್ತನಾಲ್ಕು ಗಂಟೆ ಮುಗಿದಾಗ ಏಳು. ಹೊರಗೆ ಸುರಿಯುತ್ತಿದ್ದ ಮಳೆಯೂ ಕೈಹಿಡಿದಿರಬೇಕು. ಬೇಸಿಗೆಯಾಗಿದ್ದರೆ ಇಷ್ಟು ಬರುತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಅವರನ್ನು ಬರಹೇಳಿದೆ. ಮಂಗಳವಾರ ಯಾಕೆಂದರೆ ಬುಧವಾರ ಏನಾದರೂ ತಪ್ಪಿದರೆ ಇನ್ನೆರಡು ದಿನ ಕೈಯಲ್ಲಿರುತ್ತದೆ. "ಇರುವ ರಕ್ತವನ್ನೆಲ್ಲ ನೀವೇ ತೆಗೆದುಕೊಂಡರೆ ಔಷಧಿ ಯಾರಿಗೆ ಕೊಡುತ್ತೀರಿ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಎರಡು ಟ್ಯೂಬ್ ತೆಗೆದು, ಎಂಟು ಹತ್ತು ಸಲ ನಿಧಾನವಾಗಿ ತಲೆಕೆಳಗು ಮಾಡಿ, ಸೆಂಟ್ರಿಫ್ಯೂಜಿನಲ್ಲಿ ಹದಿನೈದು ನಿಮಿಷ ತಿರುಗಿಸಿದೆ. ಜನರೇಟರ್ ಸಿದ್ಧ ಮಾಡಿಟ್ಟುಕೊಂಡೇ ಶುರು ಮಾಡಿದ್ದೆ, ನಮ್ಮ ಜುಲೈಯ ಕರೆಂಟನ್ನು ನಂಬುವಂತಿಲ್ಲ. ಮೇಲೆ ಒಣಹುಲ್ಲಿನ ಬಣ್ಣದ ತಿಳಿ, ನಡುವೆ ಬಿಳಿ ಕಣಗಳ ತೆಳು ಪದರ, ಕೆಳಗೆ ಕೆಂಪು. ಬಿಳಿ ಪದರದ ಮೇಲೆ ಅರ್ಧ ಸೆಂಟಿಮೀಟರ್ ತಿಳಿ ಹಾಗೆಯೇ ಬಿಟ್ಟೆ. ಆಸೆಪಟ್ಟು ಕೊನೆಯ ಹನಿಯವರೆಗೂ ಎಳೆದರೆ ಆ ಕಣಗಳೂ ಪೈಪೆಟ್ಟಿಗೆ ಬರುತ್ತವೆ. ಎರಡು ತಿರುಪು ಮುಚ್ಚಳದ ವಯಲ್‌ಗಳಲ್ಲಿ ಒಟ್ಟು ಮೂರು ಎಂಎಲ್ ಸಿಕ್ಕಿತು. ಹೆಸರು, ದಿನಾಂಕ, ರಕ್ತ ತೆಗೆದ ಗಂಟೆಯನ್ನು ಈ ಸಲ ಪೆನ್ಸಿಲಿನಲ್ಲಿ ಬರೆದು ಮೇಲೆ ಸೆಲ್ಲೋಟೇಪ್ ಸುತ್ತಿದೆ.

ವಯಲ್‌ಗಳಿಗೆ ಹತ್ತಿ ಸುತ್ತಿ ಜಿಪ್ ಚೀಲ, ಅದರ ಹೊರಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಅದರ ಹೊರಗೆ ಥರ್ಮಾಕೋಲ್. ಮೂರು ಪದರದ ಈ ಕಟ್ಟು ನನ್ನ ಶೋಧವಲ್ಲ, ಸೋಂಕಿನ ಮಾದರಿ ಸಾಗಿಸುವ ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ಪೆಟ್ಟಿಗೆಯ ಮೇಲೆ ಯುಎನ್ 3373 ಎಂಬ ಗುರುತೂ ಇರಬೇಕು. ಕೋರಿಕೆ ಪತ್ರವನ್ನು ಪೆಟ್ಟಿಗೆಯ ಒಳಗಿಡದೆ ಬೇರೆ ಲಕೋಟೆಯಲ್ಲಿ ಕೊಟ್ಟೆ. ಅದರಲ್ಲಿ ಒಂದು ಸಾಲು ಸೇರಿಸಿದ್ದೆ: ಮೊದಲು ವೈರಲ್ ಲೋಡ್ ಮಾಡಿ, ಸಾಕಷ್ಟಿದ್ದರೆ ಮಾತ್ರ ಜೀನೋಟೈಪಿಗೆ ಹೋಗಿ. ವೈರಸ್ಸೇ ಇಲ್ಲದಿದ್ದರೆ ಅದರ ತಳಿ ಹುಡುಕಲು ದುಡ್ಡು ಕೊಡುವುದೇಕೆ?

ಆ ತಾಯಿಯ ತಮ್ಮನ ಮಗ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿ ಬಸ್ಸು ಹತ್ತಿದ. ಅದನ್ನು ಕಂಡಕ್ಟರ್ ಕೈಗೆ ಕೊಡಬೇಡ, ಡಿಕ್ಕಿಯಲ್ಲಿಡಬೇಡ, ತೆರೆದು ನೋಡಬೇಡ ಎಂದು ಮೂರು ಸಲ ಹೇಳಿದ್ದೆ. ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತು. "ಮಾವ, ತೆಗೆದುಕೊಂಡರು. ಪೆಟ್ಟಿಗೆಯೊಳಗೆ ಅವರದೇ ಥರ್ಮಾಮೀಟರ್ ಇಟ್ಟು ನೋಡಿದರು, ಆರು ಡಿಗ್ರಿಯಂತೆ."

ವರದಿ ಬಂತು: ವೈರಸ್ ಲಕ್ಷಗಳಲ್ಲಿದೆ, ಜೀನೋಟೈಪ್ ಮೂರು. ಅದು ಬರುವಷ್ಟರಲ್ಲಿ ಇಲ್ಲೇ ಆಗುವ ಕೆಲಸಗಳನ್ನು ಮುಗಿಸಿದ್ದೆ. ಹೆಪಟೈಟಿಸ್ ಬಿ ಇಲ್ಲ ಎಂದು ಖಚಿತ ಮಾಡಿಕೊಂಡೆ. ಅದಿದ್ದರೆ ಸಿ ಕಡಿಮೆಯಾಗುತ್ತಿದ್ದಂತೆ ಬಿ ತಲೆ ಎತ್ತಬಹುದು. ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ ಎಎಸ್‌ಟಿ 58, ಪ್ಲೇಟ್‌ಲೆಟ್ ಒಂದು ಲಕ್ಷ ಎಂಬತ್ತು ಸಾವಿರ. ನಮ್ಮ ಲ್ಯಾಬಿನಲ್ಲಿ ಎಎಸ್‌ಟಿಯ ಮೇಲ್ಮಿತಿ 40. 58ನ್ನು 40ರಿಂದ ಭಾಗಿಸಿ, ಅದನ್ನು ಪ್ಲೇಟ್‌ಲೆಟ್ಟಿನ 180ರಿಂದ (ಸಾವಿರದ ಲೆಕ್ಕದಲ್ಲಿ) ಭಾಗಿಸಿ ನೂರರಿಂದ ಗುಣಿಸಿದರೆ 0.8. ಎಪ್ರಿ ಎಂಬ ಈ ಲೆಕ್ಕ ಎರಡನ್ನು ದಾಟಿದರೆ ಸಿರೋಸಿಸ್ಸಿನ, ಅಂದರೆ ಯಕೃತ್ತು ಕಲೆಗಟ್ಟಿ ಗಡಸಾಗಿರುವ ಶಂಕೆ ಪಡಬೇಕು. ದೂರದ ದುಬಾರಿ ಪರೀಕ್ಷೆಗೆ ಪರದಾಡುವಾಗ ಕೈಯಳತೆಯ ಈ ಎರಡು ಅಂಕಿಗಳನ್ನು ಮರೆಯುವವರೇ ಹೆಚ್ಚು. ತಜ್ಞರು ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಹನ್ನೆರಡು ವಾರಕ್ಕೆ ಬರೆದರು. ಮುಗಿದ ಮೇಲೆ ಇನ್ನೂ ಹನ್ನೆರಡು ವಾರ ಕಾದು, ಅದೇ ಪೆಟ್ಟಿಗೆ, ಅದೇ ಕುಲುಕು, ಅದೇ ಹುಡುಗ. ವೈರಸ್ ಪತ್ತೆಯಾಗಲಿಲ್ಲ.

ಆಮೇಲೆ ಹೀಗೆ ಎಂಟು ಹತ್ತು ಮಾದರಿಗಳನ್ನು ಕಳುಹಿಸಿದ್ದೇನೆ. ಒಂದರಲ್ಲಿ ಲೋಡ್ ಬಹಳ ಕಡಿಮೆಯಿದ್ದು ಜೀನೋಟೈಪ್ ನಿರ್ಧರಿಸಲಾಗಲಿಲ್ಲ ಎಂದು ಬಂತು. ಆತುರದಲ್ಲಿ ಎರಡನ್ನೂ ಒಟ್ಟಿಗೆ ಮಾಡಲು ಬರೆದಿದ್ದೆ, ದುಡ್ಡು ಹೋಯಿತು. ಅಷ್ಟರಲ್ಲಿ 2017ರಲ್ಲಿ ವೆಲ್ಪಾಟಾಸ್ವಿರ್ ಸೇರಿದ ಮಾತ್ರೆ ಬಂದಿತ್ತು. ಅದು ಎಲ್ಲ ಜೀನೋಟೈಪಿಗೂ ನಡೆಯುವುದರಿಂದ ಆ ರೋಗಿಯ ಚಿಕಿತ್ಸೆ ನಿಲ್ಲಲಿಲ್ಲ. 2018ರ ಜುಲೈ 28ರಂದು ಕೇಂದ್ರ ಸರ್ಕಾರದ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲಂತೂ ಲೆಕ್ಕವೇ ಬದಲಾಯಿತು. ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್, ಇರುವವರಿಗೆ ವೆಲ್ಪಾಟಾಸ್ವಿರ್, ಪರೀಕ್ಷೆ, ಔಷಧಿ ಎರಡೂ ಉಚಿತ. ಹೊಸ ರೋಗಿ ಬಂದರೆ ನಾನು ಈಗ ಮೊದಲು ಸರ್ಕಾರಿ ಚಿಕಿತ್ಸಾ ಕೇಂದ್ರದ ದಾರಿ ತೋರಿಸುತ್ತೇನೆ. ಜೀನೋಟೈಪ್ ಕೇಳುವುದು ಹೆಚ್ಚಾಗಿ ಹಿಂದೆ ಮಾತ್ರೆ ನುಂಗಿ ಗುಣವಾಗದವರಿಗೆ. ನಮ್ಮಲ್ಲಿ ಆ ಪರೀಕ್ಷೆ ಇಲ್ಲ ಎಂಬ ಒಂದೇ ಕಾರಣಕ್ಕೆ ಔಷಧಿ ಮುಂದೂಡುವವರು ಈಗಲೂ ಇದ್ದಾರೆ. ಅಂಥವರನ್ನು ಕಂಡಾಗ, ಅದು ಬೇಕೇ ಬೇಕೆ ಎಂದು ವೈದ್ಯರನ್ನು ಇನ್ನೊಮ್ಮೆ ಕೇಳಿ ಬನ್ನಿ ಎನ್ನುತ್ತೇನೆ. ಲ್ಯಾಬಿನವನ ಬಾಯಲ್ಲಿ ಬರುವ ಮಾತಲ್ಲ ಇದು, ಗೊತ್ತು.

ಆ ತಾಯಿ ಮರುವರ್ಷ ಪಿತ್ತಕೋಶದ ಆಪರೇಷನ್ನಿಗೆ ಬೇರೊಂದು ಆಸ್ಪತ್ರೆಗೆ ಹೋದರು. ಅಲ್ಲಿಯೂ ಕಾರ್ಡ್ ಹಾಕಿದರು, ಅಲ್ಲಿಯೂ ಎರಡನೇ ಗೆರೆ. ಗುಣವಾದರೂ ಪ್ರತಿಕಾಯ ಉಳಿದೇ ಇರುತ್ತದೆ, ಆ ಗೆರೆ ಬಹುಪಾಲು ಜೀವಮಾನವಿಡೀ ಬರುತ್ತದೆ. ಇದನ್ನು ಮೊದಲೇ ಅವರಿಗೆ ಹೇಳಬೇಕಾಗಿತ್ತು, ಹೇಳಿರಲಿಲ್ಲ. "ಮತ್ತೆ ಬಂದಿದೆಯಂತೆ ಅಣ್ಣ" ಎಂದು ಅವರು ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಅಳುತ್ತಾ ಫೋನ್ ಮಾಡಿದರು. ಬೆಂಗಳೂರಿನ ಕೊನೆಯ ವರದಿಯ ಪ್ರತಿ ಹಿಡಿದು ನಾನೇ ಹೋಗಿ ಅಲ್ಲಿಯ ಅರಿವಳಿಕೆ ವೈದ್ಯರಿಗೆ ತೋರಿಸಿದೆ. ಆ ಪ್ರತಿಗೆ ಲ್ಯಾಮಿನೇಷನ್ ಮಾಡಿಸಿಕೊಟ್ಟಿದ್ದೇನೆ. ಈಗ ಅದು ಅವರ ಮನೆಯಲ್ಲಿ ರೇಷನ್ ಕಾರ್ಡಿನ ಜೊತೆಗಿದೆ.