ಕ್ಯಾಲೊರಿ ಆ್ಯಪ್‌ಗೆ ನಮ್ಮ ಮನೆ ಅಡುಗೆಯ ಲೆಕ್ಕ ಕೊಡುವುದು ಹೇಗೆ

ಆ್ಯಪ್‌ನಲ್ಲಿ ‘ಸಾಂಬಾರ್, 1 ಬೌಲ್’ ಎಂದು ಹುಡುಕಿದರೆ ಒಂದು ಸಾಲಿನಲ್ಲಿ 90 ಕ್ಯಾಲೊರಿ ಇದ್ದರೆ ಅದರ ಕೆಳಗೇ 240 ಇರಬಹುದು. ಎರಡೂ ಯಾರದೋ ಮನೆಯ ಸಾಂಬಾರ್. ಅವರ ಬೌಲ್ ಎಷ್ಟು ದೊಡ್ಡದು, ಒಗ್ಗರಣೆಗೆ ಎಷ್ಟು ಎಣ್ಣೆ ಸುರಿದರು ಎಂಬುದು ನಿಮಗೂ ಗೊತ್ತಿಲ್ಲ, ಆ್ಯಪ್‌ಗೂ ಗೊತ್ತಿಲ್ಲ. ಆದ್ದರಿಂದ ಮೊದಲ ಎರಡು ವಾರ ತೂಕ ಇಳಿಯಿತೇ ಎಂದು ನೋಡುತ್ತ ಕೂರಬೇಡಿ. ನಿಮ್ಮ ಮನೆಯಲ್ಲಿ ಪದೇಪದೇ ಮಾಡುವ ಹತ್ತು ಹನ್ನೆರಡು ಅಡುಗೆಗಳನ್ನು ಅಳೆದು ಆ್ಯಪ್‌ಗೆ ಸೇರಿಸುವುದೇ ಆ ಎರಡು ವಾರದ ಕೆಲಸ.

ಯಾವ ಆ್ಯಪ್ ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಂಗಳೂರಿನಲ್ಲೇ ಶುರುವಾದ ಹೆಲ್ತಿಫೈಮಿಯಲ್ಲಿ ನಮ್ಮ ತಿಂಡಿಗಳ ಪಟ್ಟಿ ದೊಡ್ಡದಿದೆ. ಮೈಫಿಟ್‌ನೆಸ್‌ಪಾಲ್‌ನಲ್ಲಿ ಬಹಳಷ್ಟು ಸಾಲುಗಳನ್ನು ಬಳಕೆದಾರರೇ ತುಂಬಿರುವುದರಿಂದ ತಪ್ಪುಗಳೂ ಇವೆ. ಕ್ರೋನೋಮೀಟರ್‌ನಲ್ಲಿ ಅಕ್ಕಿ, ಬೇಳೆ, ತರಕಾರಿಯಂಥ ಹಸಿ ಪದಾರ್ಥಗಳ ಅಂಕಿ ಹೆಚ್ಚು ನಂಬಿಕಸ್ತ. ಯಾವುದೇ ಆಗಲಿ, ಮೂರು ಸೌಲಭ್ಯ ಇರಲೇಬೇಕು: ಗ್ರಾಮ್‌ನಲ್ಲಿ ಬರೆಯಲು ಬರಬೇಕು, ನಿಮ್ಮದೇ ರೆಸಿಪಿ ಸೇರಿಸಲು ಬರಬೇಕು, ದಿನದ ಗುರಿಯನ್ನು ನೀವೇ ಬದಲಿಸಲು ಬರಬೇಕು. ಇಷ್ಟು ಉಚಿತವಾಗಿ ಸಿಕ್ಕರೆ ದುಡ್ಡು ಕಟ್ಟುವ ಅಗತ್ಯವಿಲ್ಲ.

ಜೊತೆಗೆ ಒಂದು ಅಡುಗೆಮನೆ ತಕ್ಕಡಿ ಬೇಕು. 5 ಕೆಜಿವರೆಗೆ ತೂಗುವ, 1 ಗ್ರಾಮ್ ವ್ಯತ್ಯಾಸ ತೋರಿಸುವ, ಪಾತ್ರೆ ಇಟ್ಟು ಸೊನ್ನೆ ಮಾಡುವ ‘ಟೇರ್’ ಬಟನ್ ಇರುವ ಸಾಧಾರಣ ಡಿಜಿಟಲ್ ತಕ್ಕಡಿ ಸಾಕು. ಸಮತಟ್ಟಾದ ಕಟ್ಟೆಯ ಮೇಲಿಡಿ. ಸರಿಯಿದೆಯೇ ಎಂದು ನೋಡಲು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಟ್ಟು ನೋಡಿ, 515 ಗ್ರಾಮ್ ಆಸುಪಾಸು ಬರಬೇಕು. ದಿನಕ್ಕೊಂದು ಅಂಕಿ ತೋರಿಸಿದರೆ ಮೊದಲು ಸೆಲ್ ಬದಲಿಸಿ.

ಗುರಿ ಹಾಕುವಾಗ

ವಯಸ್ಸು, ಎತ್ತರ, ತೂಕ ಕೊಟ್ಟ ಕೂಡಲೇ ಆ್ಯಪ್ ಒಂದು ಗುರಿ ಹೇಳುತ್ತದೆ. ಹೆಚ್ಚಿನವು 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಅಥವಾ ಅಂಥದ್ದೇ ಇನ್ನೊಂದನ್ನು ಬಳಸುತ್ತವೆ. ಕೈಯಲ್ಲೇ ಮಾಡಿ ನೋಡಬಹುದು: ತೂಕ (ಕೆಜಿ) × 10, ಅದಕ್ಕೆ ಎತ್ತರ (ಸೆಂ.ಮೀ.) × 6.25 ಕೂಡಿಸಿ, ವಯಸ್ಸು × 5 ಕಳೆಯಿರಿ. ಗಂಡಸರು 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು. 38 ವರ್ಷದ, 72 ಕೆಜಿ ತೂಕದ, 158 ಸೆಂ.ಮೀ. ಎತ್ತರದ ಹೆಂಗಸಿಗೆ ಸುಮಾರು 1,356 ಬರುತ್ತದೆ. ಇದು ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದಷ್ಟು. ಕೂತು ಮಾಡುವ ಕೆಲಸವಿದ್ದರೆ ಇದನ್ನು 1.2ರಿಂದ ಗುಣಿಸಿ, 1,628 ಆಯಿತು.

ಇಲ್ಲೇ ಎರಡು ಕಡೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತೇನಲ್ಲ ಎಂದು ‘ಆ್ಯಕ್ಟಿವ್’ ಆರಿಸಿದರೆ ಗುಣಕ 1.55 ಆಗಿ, ಇದೇ ಹೆಂಗಸಿಗೆ 2,100 ದಾಟುತ್ತದೆ. ದಿನಕ್ಕೆ ಸುಮಾರು 475 ಕ್ಯಾಲೊರಿ ಪುಕ್ಕಟೆ ಸೇರಿಕೊಂಡಂತೆ. ಕಚೇರಿ ಕೆಲಸದವರು ಕೆಳಗಿನ ಹಂತವನ್ನೇ ಆರಿಸಿ, ಕೈಗಡಿಯಾರ ತೋರಿಸುವ ವ್ಯಾಯಾಮದ ಕ್ಯಾಲೊರಿಯನ್ನು ಊಟದ ಲೆಕ್ಕಕ್ಕೆ ಸೇರಿಸುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಇನ್ನೊಂದು, ವಾರಕ್ಕೆ ಎಷ್ಟು ಇಳಿಯಬೇಕು ಎಂಬ ಪ್ರಶ್ನೆ. 1 ಕೆಜಿ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ, ಅಂದರೆ ವಾರಕ್ಕೆ 1 ಕೆಜಿ ಎಂದರೆ ದಿನಕ್ಕೆ 1,100 ಕಡಿತ. 1,628ರಲ್ಲಿ ಅಷ್ಟು ಕಳೆದರೆ ಉಳಿಯುವುದು 528, ಅದರಲ್ಲಿ ಯಾರೂ ಬದುಕಲಾಗದು. ಕಾಲು ಕೆಜಿ ಆರಿಸಿ: ದಿನಕ್ಕೆ 275 ಕಡಿಮೆ, ಗುರಿ 1,350.

ಗರ್ಭಿಣಿಯರು, ಹಾಲುಣಿಸುವವರು, 18 ತುಂಬದವರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕವಾಗಿ ತೊಂದರೆಪಟ್ಟವರು ಈ ಕಡಿತಕ್ಕೆ ಇಳಿಯಲೇಬಾರದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ. ಊಟ ಕಡಿಮೆಯಾಗಿ ಔಷಧ ಹಾಗೇ ಉಳಿದರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು.

ಹುಳಿಯ ಪಾತ್ರೆಯನ್ನೇ ತೂಗಿ

ಮೊದಲು ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಳ್ಳಿ. ಆಮೇಲೆ ಹಾಕುವ ಒಂದೊಂದು ಪದಾರ್ಥವನ್ನೂ ಹಸಿಯಾಗಿರುವಾಗಲೇ ತೂಗಿ. ನಾಲ್ಕು ಜನರ ಹುಳಿ ಎಂದುಕೊಳ್ಳೋಣ: ತೊಗರಿಬೇಳೆ 100 ಗ್ರಾಮ್ (330 ಕ್ಯಾಲೊರಿ), ಹುರುಳಿಕಾಯಿ ಮತ್ತು ಕ್ಯಾರೆಟ್ 200 ಗ್ರಾಮ್ (60), ಕಾಯಿತುರಿ 30 ಗ್ರಾಮ್ (120), ಹುಳಿಪುಡಿ 15 ಗ್ರಾಮ್ (50), ಹುಣಸೆಹಣ್ಣು 10 ಗ್ರಾಮ್ (25), ಒಗ್ಗರಣೆಗೆ ಎಣ್ಣೆ 10 ಗ್ರಾಮ್ (90). ಒಟ್ಟು 675. ಹುಳಿ ಕುದಿದು ಇಳಿಸಿದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. 1,350 ಗ್ರಾಮ್ ಉಳಿಯಿತು ಎನ್ನಿ. ರೆಸಿಪಿಯಲ್ಲಿ ‘ಸರ್ವಿಂಗ್ಸ್’ ಕೇಳುವ ಜಾಗದಲ್ಲಿ 4 ಎಂದು ಹಾಕದೆ 13.5 ಎಂದು ಹಾಕಿ. ಆಗ ಒಂದು ಸರ್ವಿಂಗ್ ಎಂದರೆ 100 ಗ್ರಾಮ್, 50 ಕ್ಯಾಲೊರಿ. 150 ಗ್ರಾಮ್ ಹಿಡಿಯುವ ಸೌಟಿನಲ್ಲಿ ಎರಡು ಸೌಟು ಬಡಿಸಿಕೊಂಡರೆ 3 ಸರ್ವಿಂಗ್, 150 ಕ್ಯಾಲೊರಿ. ನಾಳೆ ಹುಳಿ ತೆಳ್ಳಗಾದರೆ ಸರ್ವಿಂಗ್ಸ್ ಸಂಖ್ಯೆ ಮಾತ್ರ ಬದಲಿಸಿ, ಮಿಕ್ಕದ್ದು ಹಾಗೇ ಇರಲಿ.

ಹಸಿ ಪದಾರ್ಥದ ಅಂಕಿಯ ಬಗ್ಗೆ ಅನುಮಾನ ಬಂದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ ನೋಡಿ. 528 ಬಗೆಯ ಆಹಾರದ ವಿವರ ಅದರಲ್ಲಿದೆ. ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿರುವುದರಿಂದ 4.184ರಿಂದ ಭಾಗಿಸಬೇಕು. ಆ್ಯಪ್‌ನ ಯಾವುದೇ ಸಾಲನ್ನು ಪರೀಕ್ಷಿಸಲು ಇನ್ನೂ ಸುಲಭದ ದಾರಿಯಿದೆ: ಕಾರ್ಬ್ಸ್ ಮತ್ತು ಪ್ರೋಟೀನ್ ಗ್ರಾಮ್‌ಗಳನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿಸಿ. ಅದು ತೋರಿಸಿರುವ ಕ್ಯಾಲೊರಿಗೆ ಹತ್ತಿರ ಬರದಿದ್ದರೆ ಆ ಸಾಲು ಬಿಟ್ಟುಬಿಡಿ.

ಅನ್ನ, ಮುದ್ದೆ

ದೊಡ್ಡ ಎಡವಟ್ಟು ಆಗುವುದು ಅನ್ನದಲ್ಲಿ. 100 ಗ್ರಾಮ್ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ, 100 ಗ್ರಾಮ್ ಅನ್ನದಲ್ಲಿ ಸುಮಾರು 130. ತಟ್ಟೆಯಲ್ಲಿರುವ 250 ಗ್ರಾಮ್ ಅನ್ನವನ್ನು ‘ರೈಸ್, ರಾ’ ಎಂಬ ಸಾಲಿನಲ್ಲಿ ಬರೆದರೆ 325ರ ಬದಲು 890 ಬೀಳುತ್ತದೆ. ಇದರ ಉಲ್ಟಾ ಇನ್ನೂ ಕೆಟ್ಟದ್ದು: ಅಕ್ಕಿ ತೂಗಿ ಅನ್ನವೆಂದು ಬರೆದರೆ ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯವಾಗುತ್ತದೆ, ತೂಕ ಯಾಕೆ ಇಳಿಯುತ್ತಿಲ್ಲ ಎಂಬುದು ತಿಂಗಳಾದರೂ ತಿಳಿಯುವುದಿಲ್ಲ.

ಮುದ್ದೆಗೆ ಹಿಟ್ಟನ್ನೇ ತೂಗಿ. 100 ಗ್ರಾಮ್ ರಾಗಿಹಿಟ್ಟಿಗೆ 320 ಕ್ಯಾಲೊರಿ. 360 ಗ್ರಾಮ್ ಹಿಟ್ಟಿನಲ್ಲಿ ನಾಲ್ಕು ಸಮ ಮುದ್ದೆ ಕಟ್ಟಿದರೆ ಒಂದಕ್ಕೆ 90 ಗ್ರಾಮ್ ಹಿಟ್ಟು, 290 ಕ್ಯಾಲೊರಿ. ನೀರು ಎಷ್ಟೇ ಹಾಕಿದರೂ ಈ ಲೆಕ್ಕ ಬದಲಾಗದು. ಚಪಾತಿಗೂ ಇದೇ ದಾರಿ. ದೋಸೆಗಾದರೆ ಕಾವಲಿಗೆ ಹೊಯ್ಯುವ ಸೌಟಿನ ಹಿಟ್ಟನ್ನು ಒಮ್ಮೆ ತೂಗಿಟ್ಟುಕೊಂಡರೆ ಸಾಕು.

ಎಣ್ಣೆ

ತೂಗಲು ಬೇಸರವಾದಾಗ ಬೇರೇನನ್ನು ಬಿಟ್ಟರೂ ಎಣ್ಣೆಯನ್ನು ಬಿಡಬೇಡಿ. ಒಂದು ಟೀ ಚಮಚಕ್ಕೆ 40, ಒಂದು ಟೇಬಲ್ ಚಮಚಕ್ಕೆ 120 ಕ್ಯಾಲೊರಿ. ಕ್ಯಾನಿನಿಂದ ಅಂದಾಜಿಗೆ ಸುರಿಯುವ ಕೈಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಒಗ್ಗರಣೆಗೆ ಮುಂಚೆ ಎಣ್ಣೆ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಸುರಿದು ಮತ್ತೆ ಇಡಿ. ಮೈನಸ್ ಚಿಹ್ನೆಯೊಂದಿಗೆ ಕಾಣುವ ಅಂಕಿಯೇ ಬಳಸಿದ ಎಣ್ಣೆ. ವಡೆ, ಬೋಂಡ ಕರಿಯುವಾಗ ಬಾಣಲೆ ತಣ್ಣಗಾದ ಮೇಲೆ ಉಳಿದದ್ದನ್ನು ತೂಗಿ ಕಳೆಯಿರಿ.

ತಿಂಗಳ ಕೊನೆಗೆ ಒಂದು ತಾಳೆ ನೋಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ 3 ಲೀಟರ್ ಎಣ್ಣೆ ಮುಗಿದರೆ ಅದು ಸುಮಾರು 2,730 ಗ್ರಾಮ್. ತಲಾ ದಿನಕ್ಕೆ 23 ಗ್ರಾಮ್, 205 ಕ್ಯಾಲೊರಿ. ನಿಮ್ಮ ಆ್ಯಪ್‌ನಲ್ಲಿ ದಿನಕ್ಕೆ 8 ಗ್ರಾಮ್ ಮಾತ್ರ ಇದ್ದರೆ ಉಳಿದದ್ದು ಎಲ್ಲೋ ತಪ್ಪಿಸಿಕೊಂಡಿದೆ. ಫೋಟೊ ತೆಗೆದರೆ ಕ್ಯಾಲೊರಿ ಹೇಳುವ ಸೌಲಭ್ಯವನ್ನು ನೆಚ್ಚಿಕೊಳ್ಳಬೇಡಿ ಎನ್ನುವುದೂ ಇದಕ್ಕೇ: ಪಲ್ಯದೊಳಗೆ ಸೇರಿಹೋದ ಎಣ್ಣೆ ಕ್ಯಾಮೆರಾಗೆ ಕಾಣುವುದಿಲ್ಲ.

ಕಾಫಿಯದೂ ಸಣ್ಣ ಬಾಬ್ತಲ್ಲ. 70 ಮಿ.ಲೀ. ಹಾಲು, ಒಂದೂವರೆ ಚಮಚ ಸಕ್ಕರೆಯ ಲೋಟವೊಂದಕ್ಕೆ ಸುಮಾರು 70. ದಿನಕ್ಕೆ ನಾಲ್ಕಾದರೆ 280, ಅಂದರೆ ಮೇಲೆ ಹೇಳಿದ ಇಡೀ ದಿನದ ಕಡಿತ. ಚಿತ್ರಾನ್ನದ ಕಡಲೆಕಾಯಿ ಬೀಜ 20 ಗ್ರಾಮ್‌ಗೆ 100 ದಾಟುತ್ತದೆ. ಹೋಟೆಲ್ ತಿಂಡಿಗೆ, ಮದುವೆ ಊಟಕ್ಕೆ ನಿಖರ ಲೆಕ್ಕ ಸಾಧ್ಯವಿಲ್ಲ. ಇರುವ ಸಾಲುಗಳಲ್ಲಿ ಸ್ವಲ್ಪ ಹೆಚ್ಚಿನದನ್ನು ಆರಿಸಿ, ಪ್ರತಿ ಸಲ ಅದನ್ನೇ ಹಾಕಿ.

ಮೂರು ವಾರದ ನಂತರ

ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ ಬರೆಯಿರಿ. ಒಂದೊಂದು ದಿನದ ಅಂಕಿಗೆ ಬೆಲೆಯಿಲ್ಲ, ಏಳು ದಿನದ ಸರಾಸರಿ ನೋಡಿ. ಹಬ್ಬದ ಮರುದಿನ ಒಂದೂವರೆ ಕೆಜಿ ಏರಿದರೆ ಅದರಲ್ಲಿ ಹೆಚ್ಚಿನದು ಉಪ್ಪು ಹಿಡಿದಿಟ್ಟ ನೀರು ಮತ್ತು ಹೊಟ್ಟೆಯಲ್ಲಿರುವ ಊಟ. ಮುಟ್ಟಿನ ಹಿಂದೆಮುಂದೆಯೂ ನೀರಿನ ತೂಕ ಏರುತ್ತದೆ, ಆದ್ದರಿಂದ ಹೆಂಗಸರು ಒಂದು ತಿಂಗಳ ಇದೇ ದಿನಗಳನ್ನು ಮುಂದಿನ ತಿಂಗಳಿನ ಅದೇ ದಿನಗಳಿಗೆ ಹೋಲಿಸಬೇಕು. ಮೊದಲ ವಾರ ಸರ್ರನೆ ಇಳಿಯುವುದೂ ಬಹುಪಾಲು ನೀರೇ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಆಮೇಲಿನ ಮೂರು ವಾರದಲ್ಲಿ ಸರಾಸರಿ ತೂಕ 0.6 ಕೆಜಿ ಇಳಿದಿದೆ, ಆ್ಯಪ್‌ನಲ್ಲಿ ಬರೆದದ್ದು ದಿನಕ್ಕೆ ಸರಾಸರಿ 1,380 ಎನ್ನಿ. 0.6 × 7,700 = 4,620; 21 ದಿನಕ್ಕೆ ಹಂಚಿದರೆ 220. ಅಂದರೆ ನಿಮ್ಮ ದೇಹದ ದಿನದ ಖರ್ಚು 1,600 ಆಸುಪಾಸು. ಸೂತ್ರ ಹೇಳಿದ್ದಕ್ಕಿಂತ ಇದನ್ನೇ ನಂಬಿ, ಏಕೆಂದರೆ ನೀವು ಬರೆಯುವಾಗ ಒಂದೇ ರೀತಿ ಮಾಡುವ ತಪ್ಪು ಕೂಡ ಇದರಲ್ಲಿ ಸೇರಿ ಸರಿಹೋಗಿರುತ್ತದೆ. ತೂಕ ಅಲ್ಲಾಡಿಯೇ ಇಲ್ಲವೆಂದರೆ ಗುರಿಯನ್ನು ಇನ್ನಷ್ಟು ಇಳಿಸುವ ಮೊದಲು ಎಣ್ಣೆ, ಅನ್ನ, ಕಾಫಿ ಮತ್ತು ಭಾನುವಾರದ ಊಟ ಮತ್ತೆ ತೂಗಿ ನೋಡಿ. ನಾಲ್ಕೈದು ಕೆಜಿ ಇಳಿದ ಮೇಲೆ ಹೊಸ ತೂಕ ಹಾಕಿ ಗುರಿಯನ್ನು ಮತ್ತೆ ಲೆಕ್ಕ ಮಾಡಿ.

ಪ್ರೀಮಿಯಂ ಟ್ರಯಲ್ ತೆಗೆದುಕೊಂಡಿದ್ದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ ರದ್ದು ಮಾಡಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ನಿಮ್ಮ ಹೆಸರು ಒತ್ತಿದರೆ ಸಬ್‌ಸ್ಕ್ರಿಪ್ಷನ್ಸ್ ಸಿಗುತ್ತದೆ. ಯುಪಿಐ ಆಟೋಪೇ ಮೂಲಕ ಕಟ್ಟಿದ್ದರೆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲಿರುವ ಅನುಮತಿಯನ್ನೂ ಟ್ರಯಲ್ ಮುಗಿಯುವ ಎರಡು ದಿನ ಮೊದಲೇ ತೆಗೆದುಹಾಕಿ.